ನಯಾಗರದ ಕಮರಿ ದಾಟಿದ ಬ್ಲಾಂಡಿನ್: ಸಾಹಸ ಯಾರದು, ಅಪಾಯ ಯಾರದು?

1859ನೆಯ ಇಸವಿಯ ಜೂನ್ 30ರಂದು ಉತ್ತರ ಅಮೆರಿಕದ ನಯಾಗರ ನದಿಯ ಎರಡೂ ದಡಗಳಲ್ಲಿ ಜನಸಾಗರ ನೆರೆದಿತ್ತು. ಒಂದು ದಡ ಅಮೆರಿಕ ಸಂಯುಕ್ತ ಸಂಸ್ಥಾನದ್ದು. ಇನ್ನೊಂದು ಅಂದು ಬ್ರಿಟಿಷರ ಅಧೀನದಲ್ಲಿದ್ದ ಕೆನಡಾದ್ದು. ರೈಲುಗಳಲ್ಲಿ, ಹಬೆಹಡಗುಗಳಲ್ಲಿ, ಕುದುರೆಗಾಡಿಗಳಲ್ಲಿ ಬಂದಿಳಿದ ಪ್ರೇಕ್ಷಕರ ಸಂಖ್ಯೆ ಸುಮಾರು 25,000 ಎಂದು ಅಂದಾಜು ಮಾಡಲಾಗಿದೆ. ಅವರೆಲ್ಲರ ಕಣ್ಣು ನೆಟ್ಟಿದ್ದುದು ಜಗತ್ಪ್ರಸಿದ್ಧವಾದ ಜಲಪಾತದ ಮೇಲಲ್ಲ. ಜಲಪಾತದಿಂದ ಕೊಂಚ ಕೆಳಗೆ, ನದಿಯು ಕಡಿದಾದ ಕಮರಿಯಲ್ಲಿ ಹರಿಯುವೆಡೆ, ದಡದಿಂದ ದಡಕ್ಕೆ ಬಿಗಿದಿದ್ದ ಒಂದು ಹಗ್ಗದ ಮೇಲೆ. ಸಂಜೆಯ ಹೊತ್ತಿಗೆ ಗಿಡ್ಡ ಮೈಕಟ್ಟಿನ, ಹೊಂಬಣ್ಣದ ಕೂದಲಿನ ಒಬ್ಬ ಫ್ರೆಂಚ್ ಪುರುಷನು ಆ ಹಗ್ಗದ ಮೇಲೆ ಕಾಲಿರಿಸಿದನು. ಆತನನ್ನು ಲೋಕವು ಚಾರ್ಲ್ಸ್ ಬ್ಲಾಂಡಿನ್ ಎಂಬ ಹೆಸರಿನಿಂದ ಬಲ್ಲುದು.

ಬ್ಲಾಂಡಿನ್ ತೀರಿಕೊಂಡು ಒಂದೂಕಾಲು ಶತಮಾನ ಕಳೆದಿದೆ. ಆದರೂ ಎತ್ತರದ ಹಗ್ಗದ ಮೇಲಿನ ನಡಿಗೆಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಆತನದೇ. ಆತನ ಬದುಕು ಕೇವಲ ಎದೆಗಾರಿಕೆಯ ಕಥೆಯಲ್ಲ. ಪೂರ್ವಸಿದ್ಧತೆ ಎಂದರೇನು, ತನ್ನ ಪ್ರಾಣವನ್ನು ಪಣಕ್ಕಿಡುವುದಕ್ಕೂ ಇನ್ನೊಬ್ಬರ ಪ್ರಾಣವನ್ನು ಪಣಕ್ಕಿಡುವುದಕ್ಕೂ ಇರುವ ಅಂತರವೇನು ಎಂಬ ಪ್ರಶ್ನೆಗಳೂ ಅದರಲ್ಲಿ ಅಡಕವಾಗಿವೆ. ಮಕ್ಕಳೂ ಹೆತ್ತವರೂ ಕೂಡಿ ಓದಬೇಕಾದ ಬದುಕು ಅದು.

ಐದರ ವಯಸ್ಸಿನ ಅದ್ಭುತ ಬಾಲಕ

ಬ್ಲಾಂಡಿನ್‌ನ ನಿಜನಾಮ ಜೀನ್ ಫ್ರಾಂಸ್ವಾ ಗ್ರಾವ್ಲೆ. 1824ರ ಫೆಬ್ರವರಿ 28ರಂದು ಉತ್ತರ ಫ್ರಾನ್ಸಿನ ಎಸ್ಡಾಂ ಎಂಬ ಪುಟ್ಟ ಪಟ್ಟಣದಲ್ಲಿ ಆತ ಜನಿಸಿದನು. ತಂದೆ ಕಸರತ್ತಿನ ಆಟಗಳಿಂದ ಜೀವನ ಸಾಗಿಸುತ್ತಿದ್ದವನು. ನಮ್ಮ ನಾಡಿನ ದೊಂಬರಾಟದವರಲ್ಲಿ ಮಗು ನಡೆಯಲು ಕಲಿಯುವುದರೊಂದಿಗೆ ಹಗ್ಗ ಹತ್ತುವುದನ್ನೂ ಕಲಿಯುತ್ತಿದ್ದಂತೆ, ಅಂದಿನ ಯುರೋಪಿನ ಆಟದ ಕುಟುಂಬಗಳಲ್ಲಿಯೂ ವಿದ್ಯೆಯು ತಂದೆಯಿಂದ ಮಗನಿಗೆ ಬರುತ್ತಿತ್ತು. ಮಗುವಿನ ಒಲವನ್ನು ಗಮನಿಸಿದ ಹಿರಿಯರು ಐದನೆಯ ವಯಸ್ಸಿನಲ್ಲಿಯೇ ಅವನನ್ನು ಲಿಯೋನ್ ನಗರದ ಕಸರತ್ತಿನ ಶಾಲೆಗೆ ಕಳುಹಿಸಿದರು. ಆರು ತಿಂಗಳ ಅಭ್ಯಾಸ ಮುಗಿಯುತ್ತಿದ್ದಂತೆಯೇ ಆತ ಪ್ರೇಕ್ಷಕರ ಮುಂದೆ ಪ್ರದರ್ಶನ ನೀಡಿದನು. ಅದ್ಭುತ ಬಾಲಕನೆಂಬ ಬಿರುದೂ ಬಂದಿತು.

ಬ್ಲಾಂಡಿನ್ ಎಂಬುದು ಹೊಂಬಣ್ಣದ ಕೂದಲನ್ನು ಸೂಚಿಸುವ ಫ್ರೆಂಚ್ ಶಬ್ದಕ್ಕೆ ನಂಟಿರುವ ಹೆಸರು. ಅದೇ ರಂಗನಾಮವಾಗಿ ನಿಂತು, ಕೊನೆಗೆ ಹುಟ್ಟುಹೆಸರನ್ನೇ ಮರೆಸಿಬಿಟ್ಟಿತು.

1850ರ ದಶಕದಲ್ಲಿ ಆತ ರಾವೆಲ್ ಕುಟುಂಬದ ಆಟದ ತಂಡವನ್ನು ಸೇರಿ ಅಮೆರಿಕಕ್ಕೆ ಬಂದನು. ಆ ತಂಡದವರು ಹಗ್ಗದ ನಡಿಗೆ, ಲಾಗ, ಮೂಕಾಭಿನಯಗಳಿಗೆ ಹೆಸರಾದವರು. ಅವರೊಂದಿಗೆ ನ್ಯೂಯಾರ್ಕ್ ಮೊದಲಾದ ನಗರಗಳ ರಂಗಶಾಲೆಗಳಲ್ಲಿ ಬ್ಲಾಂಡಿನ್ ಆಡಿದನು. ರಂಗಶಾಲೆಯ ಹಗ್ಗವಾದರೋ ನೆಲದಿಂದ ಕೆಲವೇ ಅಡಿ ಮೇಲಿರುವಂಥದ್ದು. ಬಿದ್ದರೆ ಕಾಲು ಉಳುಕಬಹುದು, ಕೈ ಮುರಿಯಬಹುದು. ಪ್ರಾಣ ಹೋಗುವ ಸಂಭವ ಕಡಿಮೆ. ಪ್ರವಾಸದ ನಡುವೆ ನಯಾಗರವನ್ನು ಕಂಡಾಗ, ಆ ಕಮರಿಯನ್ನು ಹಗ್ಗದ ಮೇಲೆ ದಾಟಬೇಕೆಂಬ ಬಯಕೆ ಅವನಲ್ಲಿ ಬೇರೂರಿತು. ಅಲ್ಲಿಯವರೆಗೆ ಯಾರೂ ಮಾಡದಿದ್ದ ಕೆಲಸವದು. ವ್ಯವಸ್ಥಾಪಕನಾಗಿ ಹ್ಯಾರಿ ಕೋಲ್ಕಾರ್ಡ್ ಎಂಬವನು ಜತೆಗೆ ನಿಂತನು. ಸುದ್ದಿ ಹಬ್ಬಿದಾಗ ಬಹಳ ಮಂದಿ ನಂಬಲಿಲ್ಲ. ಕೆಲವರು ಹುಚ್ಚು ಎಂದರು. ಹಾಳು ಸಾಹಸಕ್ಕಾಗಿ ಜೀವವನ್ನು ಒಡ್ಡುವವನನ್ನೂ, ಅದನ್ನು ಕಣ್ತುಂಬ ನೋಡಲು ಹೋಗುವವರನ್ನೂ ಕೂಡಿಯೇ ಖಂಡಿಸಿದ ಪತ್ರಿಕೆಗಳೂ ಇದ್ದವು.

ಹಗ್ಗ ಕಟ್ಟುವುದೇ ಅರ್ಧ ವಿದ್ಯೆ

ಪ್ರೇಕ್ಷಕನ ಕಣ್ಣಿಗೆ ಕಾಣುವುದು ನಡಿಗೆ ಮಾತ್ರ. ಆದರೆ ಹಗ್ಗದ ಮೇಲೆ ನಡೆಯುವವನ ವಿದ್ಯೆಯಲ್ಲಿ ಅರ್ಧಪಾಲು ಹಗ್ಗವನ್ನು ಕಟ್ಟುವುದರಲ್ಲಿಯೇ ಇದೆ. ನಯಾಗರದ ಕಮರಿಗೆ ಅಡ್ಡವಾಗಿ ಬ್ಲಾಂಡಿನ್ ಬಿಗಿದ ಹಗ್ಗವು ಸುಮಾರು 1,100 ಅಡಿ ಉದ್ದದ್ದು. ಕೆಳಗಿನ ನೀರಿನಿಂದ ಅದರ ಎತ್ತರ ಸುಮಾರು 160 ಅಡಿ, ಅಂದರೆ ಹದಿನೈದು ಮಹಡಿಯ ಕಟ್ಟಡದಷ್ಟು. ನಾರಿನಿಂದ ಹೊಸೆದ, ಕೆಲವೇ ಅಂಗುಲ ದಪ್ಪದ ಹಗ್ಗವದು. ಇಂದಿನ ಉಕ್ಕಿನ ತಂತಿಯ ಹಗ್ಗಗಳ ಬಿಗುವು ಅದಕ್ಕೆ ಇರಲಿಲ್ಲ. ಮೊದಲು ತೆಳುವಾದ ಹಗ್ಗವೊಂದನ್ನು ಆಚೆ ದಡಕ್ಕೆ ಮುಟ್ಟಿಸಿ, ಅದರ ತುದಿಗೆ ದಪ್ಪ ಹಗ್ಗವನ್ನು ಕಟ್ಟಿ, ರಾಟೆಯಿಂದ ಎಳೆದು ಬಿಗಿಗೊಳಿಸಲಾಯಿತು.

ಎಷ್ಟೇ ಬಿಗಿದರೂ ಅಷ್ಟುದ್ದದ ಹಗ್ಗವು ತನ್ನ ಭಾರಕ್ಕೆ ತಾನೇ ನಡುವಿನಲ್ಲಿ ಜೋತು ಬೀಳುತ್ತದೆ. ಆದ್ದರಿಂದ ಬ್ಲಾಂಡಿನ್ ನಡೆದುದು ಸಮತಟ್ಟಾದ ಹಾದಿಯಲ್ಲಲ್ಲ. ನದಿಯ ನಡುವಿನವರೆಗೆ ಇಳಿಜಾರು, ಅಲ್ಲಿಂದಾಚೆಗೆ ಏರು. ಇಳಿಯುವಾಗ ಅಂಗಾಲು ಜಾರುವ ಭಯ, ಏರುವಾಗ ಉಸಿರು ಕಟ್ಟುವ ಶ್ರಮ. ಇದರ ಮೇಲೆ ಕಮರಿಯ ಗಾಳಿಗೆ ಹಗ್ಗವು ಉಯ್ಯಾಲೆಯಂತೆ ತೂಗದಿರಬೇಕು. ಅದಕ್ಕಾಗಿ ಮುಖ್ಯ ಹಗ್ಗದ ಉದ್ದಕ್ಕೂ ಕೆಲವು ಅಡಿಗಳಿಗೊಂದರಂತೆ ಆಧಾರದ ಹಗ್ಗಗಳನ್ನು ಇಕ್ಕೆಲಗಳಿಗೂ ಎಳೆದು ದಡದ ಗೂಟಗಳಿಗೆ ಬಿಗಿದರು. ದೂರದಿಂದ ನೋಡಿದವರಿಗೆ ಅದೊಂದು ಬೃಹತ್ ಜೇಡರಬಲೆಯಂತೆ ತೋರುತ್ತಿತ್ತು. ನಟ್ಟನಡುವಿನ ಒಂದಿಷ್ಟು ಭಾಗಕ್ಕೆ ಮಾತ್ರ ಅಂತಹ ಆಧಾರ ಕೊಡುವುದು ಸಾಧ್ಯವಾಗಲಿಲ್ಲ. ಹಗ್ಗವು ಅತಿಹೆಚ್ಚು ತೂಗುತ್ತಿದ್ದುದೂ ಅಲ್ಲಿಯೇ.

ಬ್ಲಾಂಡಿನ್‌ನ ಕೈಯಲ್ಲಿ 25 ಅಡಿಗೂ ಮಿಗಿಲಾದ ಉದ್ದದ, ಸುಮಾರು 20 ಕಿಲೋ ಭಾರದ ಮರದ ಗಳುವೊಂದಿತ್ತು. ಅಷ್ಟು ಭಾರವನ್ನು ಹೊತ್ತರೆ ನಡೆಯುವುದು ಇನ್ನೂ ಕಷ್ಟವಾಗಬೇಕಲ್ಲವೇ ಎಂದು ಮಕ್ಕಳು ಕೇಳಬಹುದು. ನಿಜಸಂಗತಿ ಇದಕ್ಕೆ ವಿರುದ್ಧ. ಒಂದು ಪೆನ್ಸಿಲನ್ನು ಅಂಗೈಯ ಮೇಲೆ ನೆಟ್ಟಗೆ ನಿಲ್ಲಿಸಲು ಯತ್ನಿಸಿ. ಕೈ ಸರಿಪಡಿಸುವ ಮೊದಲೇ ಅದು ಉರುಳುತ್ತದೆ. ಅದೇ ಉದ್ದದ ಕೋಲೊಂದನ್ನು ನಿಲ್ಲಿಸಿ. ಅದು ನಿಧಾನವಾಗಿ ವಾಲುವುದರಿಂದ ಕೈಯನ್ನು ಸರಿಸಿ ತಡೆಯಲು ಸಮಯ ಸಿಗುತ್ತದೆ. ಭಾರವು ತಿರುಗುವ ಬಿಂದುವಿನಿಂದ ದೂರಕ್ಕೆ ಹರಡಿದಷ್ಟೂ ತಿರುಗುವಿಕೆ ನಿಧಾನವಾಗುತ್ತದೆಯೆಂಬುದೇ ಇದರ ಒಳಗುಟ್ಟು. ಇಕ್ಕೆಲಗಳಿಗೆ ಚಾಚಿಕೊಂಡ ಗಳುವು ನಡೆಯುವವನ ವಾಲುವಿಕೆಯನ್ನು ಹಾಗೆಯೇ ನಿಧಾನಗೊಳಿಸುತ್ತದೆ. ಗಳುವಿನ ತುದಿಗಳು ಬಾಗಿ ಕೆಳಗೆ ಇಳಿದಿದ್ದರೆ ನಡೆಯುವವನ ಗುರುತ್ವಕೇಂದ್ರವೂ ಕೊಂಚ ಕೆಳಗಿಳಿಯುತ್ತದೆ. ದೊಂಬರಾಟದಲ್ಲಿ ಬಾಲಕಿಯು ಅಡ್ಡಲಾಗಿ ಹಿಡಿದಿರುವ ಬಿದಿರ ಗಳುವೂ ಇದೇ ಕೆಲಸವನ್ನು ಮಾಡುತ್ತದೆ. ಗ್ರಂಥದ ಭೌತಶಾಸ್ತ್ರವನ್ನು ಓದದೆಯೇ ಆ ಕುಟುಂಬಗಳು ಅದನ್ನು ಅರಿತಿದ್ದವು.

ಮೊದಲ ನಡಿಗೆ

ಜೂನ್ 30ರ ಸಂಜೆ ಬ್ಲಾಂಡಿನ್ ಅಮೆರಿಕದ ದಡದಿಂದ ಹೊರಟನು. ಮೈಗೆ ಅಂಟಿದ, ಬಿಸಿಲಿಗೆ ಮಿನುಗುವ ಉಡುಪು. ಕಾಲಿಗೆ ಮೆತುವಾದ ಅಟ್ಟೆಯ ಚರ್ಮದ ಪಾದರಕ್ಷೆ. ಕೆಳಗೆ ಬಲೆಯಿರಲಿಲ್ಲ. ಸೊಂಟಕ್ಕೆ ರಕ್ಷಣೆಯ ಹಗ್ಗವೂ ಇರಲಿಲ್ಲ. ಆತ ಬೀಳುವನೋ ಇಲ್ಲವೋ ಎಂದು ದಡದಲ್ಲಿ ಬಾಜಿ ಕಟ್ಟಿದವರಿದ್ದರು. ಅರ್ಥಾತ್, ಒಬ್ಬ ಮನುಷ್ಯನ ಸಾವಿನಿಂದ ಲಾಭ ಬರಲೆಂದು ಕಾದಿದ್ದವರೂ ಆ ಗುಂಪಿನಲ್ಲಿದ್ದರು.

ಸುಮಾರು ಮೂರನೆಯ ಒಂದು ಭಾಗ ಸಾಗಿದ ಮೇಲೆ ಬ್ಲಾಂಡಿನ್ ಹಗ್ಗದ ಮೇಲೆಯೇ ಕುಳಿತುಬಿಟ್ಟನು. ಕೆಳಗೆ ಪ್ರವಾಸಿಗರನ್ನು ಹೊತ್ತ ಮೇಡ್ ಆಫ್ ದ ಮಿಸ್ಟ್ ಎಂಬ ಹಬೆಹಡಗು ಬಂದು ನಿಂತಿತು. ಆತ ಒಂದು ದಾರವನ್ನು ಇಳಿಯಬಿಟ್ಟು, ಹಡಗಿನಿಂದ ದ್ರಾಕ್ಷಾರಸದ ಸೀಸೆಯನ್ನು ಮೇಲೆಳೆದುಕೊಂಡು, ಕುಡಿದು, ಮತ್ತೆ ಎದ್ದು ನಡೆದನು. ಆಧಾರದ ಹಗ್ಗಗಳಿಲ್ಲದ ನಡುಭಾಗವನ್ನು ದಾಟಿ, ಏರುಹಾದಿಯನ್ನು ಕ್ರಮಿಸಿ ಕೆನಡಾದ ದಡವನ್ನು ಮುಟ್ಟಿದಾಗ ಬಾಜಾಬಜಂತ್ರಿಗಳು ಮೊಳಗಿದವು.

ಕೆಲಹೊತ್ತು ವಿಶ್ರಮಿಸಿ ಆತ ಅದೇ ಹಗ್ಗದ ಮೇಲೆ ಹಿಂದಿರುಗಿದನು. ಈ ಬಾರಿ ಬೆನ್ನಿಗೆ ಅಂದಿನ ಕಾಲದ ಭಾರವಾದ ಛಾಯಾಚಿತ್ರದ ಪೆಟ್ಟಿಗೆ. ಗಳುವನ್ನು ಹಗ್ಗಕ್ಕೆ ಬಿಗಿದು, ಪೆಟ್ಟಿಗೆಯನ್ನು ಮುಂದೆ ನಿಲ್ಲಿಸಿ, ದಡದಲ್ಲಿ ನೆರೆದಿದ್ದ ಜನಸಮೂಹದ ಚಿತ್ರವನ್ನು ತೆಗೆದನು. ಎಲ್ಲರೂ ಅವನನ್ನು ನೋಡುತ್ತಿದ್ದಾಗ ಆತ ಎಲ್ಲರನ್ನೂ ನೋಡಿದ ಗಳಿಗೆಯದು. ತನ್ನ ಬೀಳುವಿಕೆಯನ್ನು ನಿರೀಕ್ಷಿಸುತ್ತಿದ್ದವರ ಕಡೆಗೇ ಆತ ಪೆಟ್ಟಿಗೆಯನ್ನು ತಿರುಗಿಸಿದ್ದನು.

ಬೆನ್ನ ಮೇಲೆ ಇನ್ನೊಂದು ಜೀವ

ಒಮ್ಮೆ ದಾಟಿದವನು ಮತ್ತೊಮ್ಮೆ ದಾಟಿದರೆ ಜನರಿಗೆ ಹೊಸತೇನಿದೆ? ಸಾಹಸವನ್ನೇ ಕಸುಬಾಗಿಸಿಕೊಂಡವರೆಲ್ಲ ಎದುರಿಸಬೇಕಾದ ಪ್ರಶ್ನೆಯಿದು. ಬ್ಲಾಂಡಿನ್ 1859 ಮತ್ತು 1860ರ ಬೇಸಗೆಗಳಲ್ಲಿ ನಯಾಗರದ ಕಮರಿಯನ್ನು ಹಲವು ಬಾರಿ ದಾಟಿದನು. ಪ್ರತಿಸಲವೂ ಏನಾದರೊಂದು ಹೊಸ ಕಷ್ಟವನ್ನು ತಾನೇ ಸೇರಿಸಿಕೊಂಡನು. ಕಣ್ಣಿಗೆ ಬಟ್ಟೆ ಕಟ್ಟಿ ನಡೆದನು. ಮೈಯನ್ನು ಗೋಣಿಚೀಲದಿಂದ ಮುಚ್ಚಿಕೊಂಡು ನಡೆದನು. ಹಿಮ್ಮುಖವಾಗಿ ನಡೆದನು. ಒಂಟಿಗಾಲಿಯ ಕೈಗಾಡಿಯನ್ನು ತಳ್ಳಿಕೊಂಡು ನಡೆದನು. ಮರಗಾಲು ಕಟ್ಟಿ ನಡೆದನು. ಸಣ್ಣದೊಂದು ಒಲೆಯನ್ನು ಹೊತ್ತು ನಡುವಿಗೆ ಹೋಗಿ, ಬೆಂಕಿ ಹೊತ್ತಿಸಿ, ಮೊಟ್ಟೆಯ ಆಮ್ಲೆಟ್ ಬೇಯಿಸಿದನು. ಕುರ್ಚಿಯ ಒಂದೇ ಕಾಲನ್ನು ಹಗ್ಗದ ಮೇಲೆ ಊರಿ ಅದರ ಮೇಲೆ ನಿಂತನು.

ಇವೆಲ್ಲಕ್ಕಿಂತ ಕಠಿನವಾದದ್ದು 1859ರ ಆಗಸ್ಟ್ ತಿಂಗಳಲ್ಲಿ ನಡೆಯಿತು. ಆ ದಿನ ಬ್ಲಾಂಡಿನ್ ತನ್ನ ವ್ಯವಸ್ಥಾಪಕನಾದ ಕೋಲ್ಕಾರ್ಡ್‌ನನ್ನು ಬೆನ್ನ ಮೇಲೆ ಹೊತ್ತು ಕಮರಿಯನ್ನು ದಾಟಿದನು. ಬ್ಲಾಂಡಿನ್ ಐದೂವರೆ ಅಡಿಗೂ ಕೊಂಚ ಕಡಿಮೆ ಎತ್ತರದವನು, ತೂಕ ಸುಮಾರು 63 ಕಿಲೋ. ಹೊತ್ತ ಮನುಷ್ಯನ ಭಾರವೂ ಬಹುಮಟ್ಟಿಗೆ ಅಷ್ಟೇ. ಹೊರಡುವ ಮೊದಲು ಆತ ಕೋಲ್ಕಾರ್ಡ್‌ನಿಗೆ ನೀಡಿದ ಸೂಚನೆಯ ಸಾರ ಮನನೀಯವಾದುದು. ಬೆನ್ನ ಮೇಲಿರುವವನು ತಾನಾಗಿ ಸಮತೋಲ ಕಾಯ್ದುಕೊಳ್ಳಲು ಯತ್ನಿಸಲೇಬಾರದು. ಬ್ಲಾಂಡಿನ್ ಎತ್ತ ವಾಲಿದರೆ ಅತ್ತ ತಾನೂ ವಾಲಬೇಕು. ಇಬ್ಬರೂ ಒಂದೇ ದೇಹವಾಗಬೇಕು. ಹೆದರಿದ ಮನುಷ್ಯನ ಸಹಜ ಪ್ರತಿಕ್ರಿಯೆಯೇ ಇಬ್ಬರನ್ನೂ ಬೀಳಿಸಬಲ್ಲದೆಂಬುದನ್ನು ಆತ ಬಲ್ಲವನಾಗಿದ್ದನು. ದಣಿವಾರಿಸಿಕೊಳ್ಳಲು ಬ್ಲಾಂಡಿನ್ ನಿಂತಾಗಲೆಲ್ಲ ಕೋಲ್ಕಾರ್ಡ್ ಕೆಳಗಿಳಿದು ಆ ಹಗ್ಗದ ಮೇಲೆಯೇ ಕಾಲೂರಿ ನಿಲ್ಲಬೇಕಾಯಿತು, ಮತ್ತೆ ಬೆನ್ನೇರಬೇಕಾಯಿತು.

ಕೋಲ್ಕಾರ್ಡ್ ಪ್ರಾಯಪ್ರಬುದ್ಧನು. ಅಪಾಯವೇನೆಂಬುದನ್ನು ತಿಳಿದು, ಒಪ್ಪಿಕೊಂಡು ಬೆನ್ನೇರಿದವನು. ಮುಂದಿನ ಘಟನೆಗಳನ್ನು ತೂಗಿ ನೋಡುವಾಗ ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

1860ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಯುವರಾಜನು, ಅಂದರೆ ಮುಂದೆ ಏಳನೆಯ ಎಡ್ವರ್ಡ್ ಎಂದು ಪಟ್ಟವೇರಿದವನು, ನಯಾಗರಕ್ಕೆ ಬಂದು ಬ್ಲಾಂಡಿನ್‌ನ ನಡಿಗೆಯನ್ನು ವೀಕ್ಷಿಸಿದನು. ಅಲ್ಲಿಂದ ಆತನ ಕೀರ್ತಿ ಅಟ್ಲಾಂಟಿಕ್ ಸಾಗರವನ್ನು ದಾಟಿತು.

ಕೈಗಾಡಿಯಲ್ಲಿ ಮಗಳು

1861ರಲ್ಲಿ ಬ್ಲಾಂಡಿನ್ ಲಂಡನ್ನಿಗೆ ಬಂದನು. ಅಲ್ಲಿನ ಸಿಡೆನ್‌ಹ್ಯಾಮ್ ಎಂಬಲ್ಲಿ ಗಾಜು ಮತ್ತು ಕಬ್ಬಿಣದಿಂದ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸ್ ಎಂಬ ಬೃಹತ್ ಪ್ರದರ್ಶನ ಮಂದಿರವಿತ್ತು. 1851ರ ಮಹಾಪ್ರದರ್ಶನಕ್ಕಾಗಿ ಹೈಡ್ ಪಾರ್ಕಿನಲ್ಲಿ ನಿರ್ಮಿಸಿ, ಬಳಿಕ ಇಲ್ಲಿಗೆ ಸ್ಥಳಾಂತರಿಸಿದ ಕಟ್ಟಡವದು. ಅದರ ನಡುಮಂಟಪದಲ್ಲಿ ನೆಲದಿಂದ 70 ಅಡಿ ಎತ್ತರದಲ್ಲಿ ಹಗ್ಗ ಕಟ್ಟಲಾಯಿತು. ಕೆಳಗೆ ನೀರಿಲ್ಲ, ಗಟ್ಟಿ ನೆಲವಷ್ಟೇ. ಆ ಹಗ್ಗದ ಮೇಲೆ ಬ್ಲಾಂಡಿನ್ ಮರಗಾಲು ಕಟ್ಟಿಕೊಂಡು ಲಾಗ ಹಾಕಿದನು.

ಅಲ್ಲಿಯೇ ಒಂದು ದಿನ ಆತ ತನ್ನ ಐದು ವರ್ಷದ ಮಗಳು ಅಡೆಲ್‌ಳನ್ನು ಕೈಗಾಡಿಯಲ್ಲಿ ಕುಳ್ಳಿರಿಸಿ ಹಗ್ಗದ ಮೇಲೆ ತಳ್ಳಿಕೊಂಡು ಹೋದನು. ಆ ಮಗು ಮೇಲಿನಿಂದ ಗುಲಾಬಿಯ ಎಸಳುಗಳನ್ನು ಚೆಲ್ಲುತ್ತ ಸಾಗಿತು. ಕೆಳಗಿದ್ದವರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಅನೇಕರು ದಿಗಿಲುಗೊಂಡರು. ಸುದ್ದಿ ಪತ್ರಿಕೆಗಳಿಗೆ ಹೋಯಿತು. ಬ್ರಿಟನ್ನಿನ ಗೃಹಸಚಿವಾಲಯದವರೆಗೂ ಮುಟ್ಟಿತು. ಮಗುವನ್ನು ಇಂತಹ ಆಟದಲ್ಲಿ ಮತ್ತೆ ಬಳಸಕೂಡದೆಂದು ಗೃಹಸಚಿವರೇ ಮಧ್ಯೆ ಪ್ರವೇಶಿಸಿ ತಡೆದರು.

ಬ್ಲಾಂಡಿನ್‌ನ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಕ್ರೌರ್ಯವಿರಲಿಲ್ಲ. ತಾನು ಬೀಳಲಾರೆನೆಂಬ ನಂಬಿಕೆ ಅವನಿಗಿತ್ತು. ತಾನೂ ಐದರ ವಯಸ್ಸಿನಲ್ಲಿಯೇ ಹಗ್ಗವೇರಿದವನು. ಆಟದ ಕುಟುಂಬದಲ್ಲಿ ಮಗು ತಂದೆಯೊಂದಿಗೆ ರಂಗಕ್ಕೆ ಬರುವುದು ಅವನಿಗೆ ಸಹಜವಾಗಿಯೇ ತೋರಿರಬೇಕು. ಆದರೂ ಆ ಮಗುವಿಗೂ ಕೋಲ್ಕಾರ್ಡ್‌ನಿಗೂ ಇರುವ ಭೇದ ದೊಡ್ಡದು. ಕೋಲ್ಕಾರ್ಡ್ ಒಲ್ಲೆನೆಂದು ಹೇಳಬಹುದಿತ್ತು. ಐದು ವರ್ಷದ ಮಗುವಿಗೆ ಒಲ್ಲೆನೆನ್ನಲು ಅಪಾಯದ ಅರಿವೇ ಇರಲಾರದು. ತಂದೆಯ ಮೇಲಿನ ವಿಶ್ವಾಸವೊಂದೇ ಅದಕ್ಕೆ ಗೊತ್ತು. ಆ ವಿಶ್ವಾಸವನ್ನು ಬಂಡವಾಳವಾಗಿಸಿಕೊಳ್ಳುವ ಹಕ್ಕು ತಂದೆಗೂ ಇಲ್ಲವೆಂಬ ಮಾತನ್ನು ಅಂದು ಬ್ರಿಟನ್ನಿನ ಸಾರ್ವಜನಿಕರು ಎತ್ತಿದರು.

ಬಿದ್ದವರು ಬೇರೆಯವರು

ಬ್ಲಾಂಡಿನ್ ತನ್ನ ದೀರ್ಘವಾದ ವೃತ್ತಿಜೀವನದಲ್ಲಿ ಹಗ್ಗದಿಂದ ಬಿದ್ದು ಸಾಯಲಿಲ್ಲ. ಆದರೆ ಅವನ ಆಟದ ಸುತ್ತ ಪ್ರಾಣ ತೆತ್ತವರಿದ್ದಾರೆ. 1860ರ ದಶಕದ ಆರಂಭದಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಪೋರ್ಟೊಬೆಲೊ ಉದ್ಯಾನದಲ್ಲಿ 50 ಅಡಿ ಎತ್ತರದ ಹಗ್ಗದ ಮೇಲೆ ಆತ ಪ್ರದರ್ಶನ ನೀಡುತ್ತಿದ್ದಾಗ ಹಗ್ಗವು ತುಂಡಾಯಿತು. ಅದರ ಎಳೆತಕ್ಕೆ ಆಸರೆಯ ಅಟ್ಟಣಿಗೆಯೂ ಕುಸಿಯಿತು. ಬ್ಲಾಂಡಿನ್‌ನಿಗೆ ಗಾಯವಾಗಲಿಲ್ಲ. ಅಟ್ಟಣಿಗೆಯ ಮೇಲೆ ಕೆಲಸ ಮಾಡುತ್ತಿದ್ದ ಇಬ್ಬರು ಕಾರ್ಮಿಕರು ಬಿದ್ದು ಮೃತರಾದರು. ವಿಚಾರಣೆಯಲ್ಲಿ ತುಂಡಾದ ಹಗ್ಗವನ್ನು ಪರೀಕ್ಷಿಸಿದರು. ಬ್ಲಾಂಡಿನ್‌ನ ಮೇಲೆ ಆಗ ದೋಷ ಹೊರಿಸಲಿಲ್ಲ, ಹಗ್ಗ ತಯಾರಿಸಿದವನ ಹೊಣೆಗಾರಿಕೆಯತ್ತ ಬೆರಳು ತೋರಿಸಲಾಯಿತು. ಚಪ್ಪಾಳೆಯಾಗಲಿ ಬಿರುದಾಗಲಿ ಆ ಇಬ್ಬರು ಕಾರ್ಮಿಕರ ಪಾಲಿಗೆ ಇರಲಿಲ್ಲ. ದಿನಗೂಲಿಗೆ ಬಂದವರು ಆಟದ ಬೆಲೆಯನ್ನು ಜೀವದಿಂದ ತೆತ್ತರು.

ಬ್ಲಾಂಡಿನ್‌ನ ಯಶಸ್ಸು ಅನುಕರಣೆಯ ದೊಡ್ಡ ಅಲೆಯನ್ನೇ ಎಬ್ಬಿಸಿತು. ಊರೂರಿನ ಮೇಳಗಳಲ್ಲಿ ಅವನ ಹೆಸರನ್ನೇ ಬಿರುದಾಗಿ ಇಟ್ಟುಕೊಂಡವರು ಹಗ್ಗವೇರತೊಡಗಿದರು. ಅವರಲ್ಲಿ ಎಲ್ಲರಿಗೂ ಅವನ ಅಭ್ಯಾಸವಿರಲಿಲ್ಲ, ಅವನಷ್ಟು ಗಳಿಕೆಯಿರಲಿಲ್ಲ, ಒಳ್ಳೆಯ ಹಗ್ಗವನ್ನು ಕೊಳ್ಳುವ ಶಕ್ತಿಯೂ ಇರಲಿಲ್ಲ. 1863ರ ಜುಲೈನಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಪಾರ್ಕಿನಲ್ಲಿ, ಮಹಿಳಾ ಬ್ಲಾಂಡಿನ್ ಎಂಬ ಪ್ರಚಾರದೊಂದಿಗೆ ಹಗ್ಗವೇರಿದ ಸೆಲೀನಾ ಪೊವೆಲ್ ಎಂಬ ಹೆಂಗಸು, ಹಗ್ಗ ಹರಿದು ಬಿದ್ದು ಅಸುನೀಗಿದಳು. ಆಕೆ ಗರ್ಭಿಣಿಯಾಗಿದ್ದಳು. ಆ ಉದ್ಯಾನವನ್ನು ಐದು ವರ್ಷಗಳ ಹಿಂದೆ ಉದ್ಘಾಟಿಸಿದ್ದವಳು ವಿಕ್ಟೋರಿಯಾ ರಾಣಿ. ವಾರ್ತೆಯನ್ನು ಕೇಳಿದ ರಾಣಿಯು ನಗರದ ಮೇಯರನಿಗೆ ಪತ್ರ ಬರೆಯಿಸಿ, ಜನರ ವಿನೋದಕ್ಕಾಗಿ ಒಬ್ಬ ಹೆಂಗಸಿನ ಪ್ರಾಣ ಬಲಿಯಾದುದಕ್ಕೆ ತನ್ನ ನೋವನ್ನೂ ಅಸಮ್ಮತಿಯನ್ನೂ ತಿಳಿಸಿದಳು.

ಕಾನೂನು ನಿಧಾನವಾಗಿ ಹೆಜ್ಜೆಯಿಟ್ಟಿತು. 1879ರಲ್ಲಿ ಬ್ರಿಟಿಷ್ ಸಂಸತ್ತು, ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಅಪಾಯಕರ ಪ್ರದರ್ಶನಗಳಲ್ಲಿ ತೊಡಗಿಸುವುದನ್ನು ನಿಷೇಧಿಸುವ ಅಧಿನಿಯಮವನ್ನು ಅಂಗೀಕರಿಸಿತು. 1897ರಲ್ಲಿ ಆ ರಕ್ಷಣೆಯು ಹದಿನಾರು ವರ್ಷದೊಳಗಿನ ಹುಡುಗರಿಗೂ ಹದಿನೆಂಟರೊಳಗಿನ ಹುಡುಗಿಯರಿಗೂ ವಿಸ್ತರಿಸಿತು. ನಮ್ಮ ದೇಶದಲ್ಲಿ ಇದೇ ವಿಚಾರ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು, ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಲ್ಲಿಸಬೇಕೆಂಬ ಆದೇಶ ಹೊರಟದ್ದು 2011ರಲ್ಲಿ. ಕಾಸರಗೋಡಿನಿಂದ ತೆಂಕಲಿಗೆ ಸಾಗಿದರೆ ಸಿಗುವ ತಲಶ್ಶೇರಿಯು ಭಾರತೀಯ ಸರ್ಕಸ್ಸಿನ ತವರೂರು. ಕೀಲೇರಿ ಕುಞಿಕಣ್ಣನ್ ಗುರುಗಳ ಶಿಷ್ಯಪರಂಪರೆಯಿಂದ ಅನೇಕ ಸರ್ಕಸ್ ತಂಡಗಳು ಅಲ್ಲಿ ಹುಟ್ಟಿಕೊಂಡವು. ಆದುದರಿಂದ ಈ ಚರ್ಚೆ ದೂರದ ಲಂಡನ್ನಿನದು ಮಾತ್ರವಲ್ಲ, ನಮ್ಮ ನೆರೆಯದೂ ಹೌದು.

ಮುಪ್ಪಿನವರೆಗೂ ಹಗ್ಗದ ಮೇಲೆ

ಬ್ಲಾಂಡಿನ್ ತಾನು ಮಾತ್ರ ಆಟವನ್ನು ಬಿಡಲಿಲ್ಲ. 1873ರ ಸೆಪ್ಟೆಂಬರ್ 6ರಂದು ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಜಲಾಶಯವನ್ನು ಹಗ್ಗದ ಮೇಲೆ ದಾಟಿದನು. ಆ ನೆನಪಿಗಾಗಿ 1992ರಲ್ಲಿ ಸಮೀಪದಲ್ಲಿಯೇ ಅವನ ಪ್ರತಿಮೆಯನ್ನು ನಿಲ್ಲಿಸಲಾಗಿದೆ. 1870ರ ದಶಕದ ನಡುವಿನಲ್ಲಿ ಆಸ್ಟ್ರೇಲಿಯಾಕ್ಕೂ ಹೋಗಿ ಪ್ರದರ್ಶನ ನೀಡಿದನು. ಕೆಲಕಾಲ ನಿವೃತ್ತನಾಗಿದ್ದು, 1880ರಲ್ಲಿ ಮತ್ತೆ ಹಗ್ಗವೇರಿದನು. ಎಪ್ಪತ್ತರ ಹೊಸ್ತಿಲಲ್ಲಿಯೂ ಕ್ರಿಸ್ಟಲ್ ಪ್ಯಾಲೇಸಿನ ಮಕ್ಕಳ ನಾಟಕವೊಂದರಲ್ಲಿ ಕಾಣಿಸಿಕೊಂಡನು. ಕೊನೆಯ ಪ್ರದರ್ಶನ 1896ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ನಡೆಯಿತು. ಆಗ ಅವನಿಗೆ 72 ವರ್ಷ.

ಲಂಡನ್ನಿನ ಈಲಿಂಗ್ ಭಾಗದಲ್ಲಿ ಆತ ನೆಲೆಸಿದ್ದ ಮನೆಯ ಹೆಸರು ನಯಾಗರ ಹೌಸ್. ಅಲ್ಲಿ 1897ರ ಫೆಬ್ರವರಿ 22ರಂದು, ಎಪ್ಪತ್ತಮೂರು ತುಂಬಲು ಆರು ದಿನಗಳಿರುವಾಗ, ಮಧುಮೇಹದಿಂದ ನಿಧನನಾದನು. ಲಕ್ಷಾಂತರ ಜನ ಯಾವ ಮರಣವನ್ನು ನಿರೀಕ್ಷಿಸಿ ನೋಡುತ್ತಿದ್ದರೋ ಅದು ಬರಲೇ ಇಲ್ಲ. ಸಾಮಾನ್ಯ ಗೃಹಸ್ಥನಂತೆ ಆತ ಹಾಸಿಗೆಯ ಮೇಲೆ ಕಣ್ಣು ಮುಚ್ಚಿದನು. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಈಲಿಂಗ್ ಪ್ರದೇಶದ ಎರಡು ಬೀದಿಗಳು ಇಂದಿಗೂ ಬ್ಲಾಂಡಿನ್ ಮತ್ತು ನಯಾಗರ ಎಂಬ ಹೆಸರುಗಳನ್ನು ಹೊತ್ತಿವೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್ ನಾಡಿನ ಕಲ್ಲುಗಣಿಗಳಲ್ಲಿ ಬಂಡೆಗಳನ್ನು ಮೇಲೆತ್ತಿ ಸಾಗಿಸಲು ಬಳಸಿದ ತೂಗುಹಗ್ಗದ ಯಂತ್ರಕ್ಕೂ ಬ್ಲಾಂಡಿನ್ ಎಂದೇ ಹೆಸರಾಯಿತು. ಒಬ್ಬ ಆಟಗಾರನ ಹೆಸರು ದುಡಿಮೆಗಾರರ ಬಾಯಲ್ಲಿ ಸಲಕರಣೆಯ ಹೆಸರಾಗಿ ಉಳಿಯುವುದು ಅಪೂರ್ವವಾದ ಸ್ಮಾರಕವೇ ಸರಿ.

ತೆರೆಯ ಮೇಲೆ ಅದೇ ಪ್ರಶ್ನೆ

ಬ್ಲಾಂಡಿನ್ ತೋರಿದ ಹಾದಿಯಲ್ಲಿ ಅನೇಕರು ನಡೆದರು. 1876ರಲ್ಲಿ ಮರಿಯಾ ಸ್ಪೆಲ್ಟೆರೀನಿ ಎಂಬ ಯುವತಿಯು ನಯಾಗರದ ಕಮರಿಯನ್ನು ಹಗ್ಗದ ಮೇಲೆ ದಾಟಿದಳು. ಒಮ್ಮೆ ಕಾಲುಗಳಿಗೆ ಬುಟ್ಟಿಗಳನ್ನು ಕಟ್ಟಿಕೊಂಡೂ ನಡೆದಳು. 1974ರ ಆಗಸ್ಟ್ 7ರಂದು ಫಿಲಿಪ್ ಪೆಟಿ ಎಂಬ ಫ್ರೆಂಚ್ ಯುವಕನು ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳ ನಡುವೆ, ನೆಲದಿಂದ ಸುಮಾರು 400 ಮೀಟರ್ ಎತ್ತರದಲ್ಲಿ ಉಕ್ಕಿನ ತಂತಿಯ ಮೇಲೆ ನಡೆದನು. ಆ ಘಟನೆಯನ್ನು ಆಧರಿಸಿ ರಾಬರ್ಟ್ ಜೆಮೆಕಿಸ್ ನಿರ್ದೇಶಿಸಿದ ದಿ ವಾಕ್ ಎಂಬ ಚಲನಚಿತ್ರವು 2015ರಲ್ಲಿ ತೆರೆ ಕಂಡಿತು. ನಯಾಗರವನ್ನು ಕುರಿತ 1986ರ ಚಿತ್ರವೊಂದರಲ್ಲಿ ಇದೇ ಪೆಟಿ ಬ್ಲಾಂಡಿನ್‌ನ ಪಾತ್ರವನ್ನು ವಹಿಸಿದ್ದನು. 2012ರಲ್ಲಿ ನಿಕ್ ವಾಲೆಂಡಾ ಎಂಬವನು ನಯಾಗರ ಜಲಪಾತದ ನೇರ ಮೇಲ್ಭಾಗದಲ್ಲಿಯೇ ತಂತಿಯ ಮೇಲೆ ನಡೆದನು; ಅವನ ಸೊಂಟಕ್ಕೆ ಮಾತ್ರ ರಕ್ಷಣೆಯ ಪಟ್ಟಿಯಿತ್ತು.

ಇಂತಹ ಚಿತ್ರಗಳನ್ನು ನೋಡುವಾಗ ಮಕ್ಕಳ ಮನಸ್ಸು ತೆರೆಯ ಮೇಲಿನ ಎತ್ತರಕ್ಕೆ ಮಾರುಹೋಗುವುದು ಸಹಜ. ಇಂದು ಕೈಯಲ್ಲಿನ ಮೊಬೈಲೇ ರಂಗಸ್ಥಳವಾಗಿದೆ. ರೈಲುಹಳಿಯ ಮೇಲೆ, ಬಂಡೆಯ ಅಂಚಿನಲ್ಲಿ, ತುಂಬಿ ಹರಿಯುವ ಹೊಳೆಯ ನಡುವೆ ನಿಂತು ಚಿತ್ರ ತೆಗೆದುಕೊಳ್ಳುವ ಚಪಲವನ್ನು ನಾವು ದಿನವೂ ಕಾಣುತ್ತಿದ್ದೇವೆ. ಅದನ್ನು ಬ್ಲಾಂಡಿನ್‌ನ ಸಾಹಸದೊಂದಿಗೆ ಸಮೀಕರಿಸಲಾಗದು. ಮೂವತ್ತು ವರ್ಷಗಳ ಅಭ್ಯಾಸವನ್ನು ಬೆನ್ನಿಗಿಟ್ಟುಕೊಂಡು ಆತ ನಯಾಗರಕ್ಕೆ ಬಂದಿದ್ದನು. ಐದನೆಯ ವಯಸ್ಸಿನಲ್ಲಿ ಹಗ್ಗವೇರಿದವನು ಆ ಕಮರಿಯ ಹಗ್ಗದ ಮೇಲೆ ಕಾಲಿಟ್ಟಾಗ ಅವನಿಗೆ 35 ವರ್ಷ ವಯಸ್ಸು. ಆ ಮೂವತ್ತು ವರ್ಷಗಳು ಯಾವ ಚಿತ್ರದಲ್ಲಿಯೂ ಪೂರ್ತಿಯಾಗಿ ಕಾಣಿಸುವುದಿಲ್ಲ.

ಹೆತ್ತವರಿಗೂ ಇದರಲ್ಲಿ ಒಂದು ಪಾಠವಿದೆ. ಮಗುವಿನ ಶಕ್ತಿಯನ್ನು ಗುರುತಿಸುವುದು, ಅದಕ್ಕೆ ಗುರುವನ್ನೂ ಸಮಯವನ್ನೂ ಒದಗಿಸುವುದು ಹಿರಿಯರ ಕರ್ತವ್ಯ. ಲಿಯೋನಿನ ಶಾಲೆಗೆ ಐದು ವರ್ಷದ ಜೀನ್‌ನನ್ನು ಕಳುಹಿಸಿದವರು ಅದನ್ನು ಮಾಡಿದರು. ಆದರೆ ತಮ್ಮ ಹೆಸರಿಗಾಗಿ, ಗಳಿಕೆಗಾಗಿ, ಜನರ ಚಪ್ಪಾಳೆಗಾಗಿ ಮಗುವನ್ನು ಅಪಾಯದ ಕೈಗಾಡಿಯಲ್ಲಿ ಕುಳ್ಳಿರಿಸುವುದು ಬೇರೆ. ಇವೆರಡರ ನಡುವಿನ ಗೆರೆ ಹಗ್ಗದಷ್ಟೇ ಸಪೂರವಾದುದು. ಅಷ್ಟು ನಿಪುಣನಾದ ಬ್ಲಾಂಡಿನ್ ಕೂಡ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಆ ಗೆರೆಯನ್ನು ದಾಟಿದನು; ಅವನನ್ನು ತಡೆಯಲು ಹೊರಗಿನವರು ಬರಬೇಕಾಯಿತು. ಹೀಗಾಗಿ ಆತನ ಬದುಕನ್ನು ಮಕ್ಕಳಿಗೆ ಹೇಳುವಾಗ ನಯಾಗರದ ಹಗ್ಗದೊಂದಿಗೆ ಅಡೆಲ್‌ಳ ಕೈಗಾಡಿಯನ್ನೂ, ಡಬ್ಲಿನ್ನಿನ ಅಟ್ಟಣಿಗೆಯನ್ನೂ ಕೂಡಿಯೇ ಹೇಳಬೇಕು.